ಕಿನ್ನಿಕಂಬಳದ ಕೀಲಿಮಣೆ, ಬಜಪೆಯ ಸಿಡಿ

ಕಳೆದ ಮಳೆಗಾಲದಲ್ಲಿ ಬಜಪೆ ಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ನಮಗೊಂದು ಸಿಡಿ ಸಿಕ್ಕಿತು. ಇಪ್ಪತ್ತು ವರ್ಷಗಳ ಹಿಂದೆ ಊರಿನ ಯುವಕ ಮಂಡಲವೊಂದು ಹೊರತಂದ ಸ್ಮರಣ ಸಂಚಿಕೆ ಅದರಲ್ಲಿತ್ತು. ವಿಮಾನ ನಿಲ್ದಾಣ ಬರುವ ಮೊದಲು ಆ ಗುಡ್ಡ ಹೇಗಿತ್ತು, ಅಲ್ಲಿ ಯಾರ ದನ ಮೇಯುತ್ತಿತ್ತು, ಯಾರ ಗದ್ದೆ ಎಲ್ಲಿತ್ತು ಎಂದು ಊರಿನ ಹಿರಿಯರು ಹೇಳಿ ಬರೆಸಿದ ನೆನಪುಗಳು. ಹೇಳಿದವರಲ್ಲಿ ಹೆಚ್ಚಿನವರು ಈಗ ಇಲ್ಲ. ಅಚ್ಚಾದ ಪ್ರತಿಗಳನ್ನು ಹುಡುಕಿ ನಾವು ನಾಲ್ಕಾರು ಮನೆ ಸುತ್ತಿದ್ದೆವು. ಒಂದು ಕಡೆ ಗೆದ್ದಲು ತಿಂದಿತ್ತು, ಇನ್ನೊಂದು ಕಡೆ ಮನೆಯನ್ನೇ ಕೆಡವಿ ಕಟ್ಟಿದ್ದರು. ಹಾಗಾಗಿ ಸಿಡಿ ಸಿಕ್ಕಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ತೆರೆದು ನೋಡಿದರೆ ಕನ್ನಡವೇ ಇಲ್ಲ. ಪರದೆಯ ತುಂಬ ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು, ನಡುನಡುವೆ ಬ್ರಿಟಿಷರ ಪೌಂಡಿನ ಚಿಹ್ನೆ. 'ಕನ್ನಡ' ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ಗೆರೆ ಹೊತ್ತ ಎ, ಪೌಂಡು, ಮತ್ತೆ ಎ, ಒಂದು ಜರ್ಮನ್ ಅಕ್ಷರ, ಕ್ಯೂ, ಇನ್ನೊಂದು ಎ. ಅಂಗಡಿಯ ಅಣ್ಣನಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಅದು ನುಡಿಯಲ್ಲಿ ಮಾಡಿದ್ದು ಮಾರಾಯ್ರೇ. ನುಡಿ ಹಾಕಿಕೊಳ್ಳಿ, ಫ್ರೀ ಉಂಟು" ಎಂದರು.

ಆ 'ಫ್ರೀ' ಎಂಬ ಮಾತನ್ನು ಹಿಡಿದು ಹೊರಟವರು ಕೊನೆಗೆ ಬಂದು ನಿಂತದ್ದು ಬಜಪೆಯ ಪಕ್ಕದ ಊರಿನಲ್ಲೇ. ಹೊರಗಿನವರಿಗೆ ಬಜಪೆ ಎಂದರೆ ವಿಮಾನ ನಿಲ್ದಾಣ. 1951ರ ಡಿಸೆಂಬರ್ 25ರಂದು ನೆಹರೂ ಇಲ್ಲಿ ಬಂದಿಳಿದ ಕತೆಯನ್ನು ಇಲ್ಲಿಯವರು ಈಗಲೂ ಹೇಳುತ್ತಾರೆ. ಆದರೆ ನೀವು ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡುವವರಾದರೆ ನಿಮ್ಮ ಬೆರಳಿಗೆ ಹೆಚ್ಚು ಹತ್ತಿರದ ಊರು ಇನ್ನೊಂದಿದೆ. ಅದು ಕಿನ್ನಿಕಂಬಳ. ತುಳುವಿನಲ್ಲಿ ಕಿನ್ನಿ ಎಂದರೆ ಸಣ್ಣದು. 1940ರಲ್ಲಿ ಅಲ್ಲಿ ಹುಟ್ಟಿದ ಪದ್ಮನಾಭ ರಾವ್ ಅವರನ್ನು ಕನ್ನಡ ನಾಡು ಕೆ.ಪಿ. ರಾವ್ ಎಂದು ಕರೆಯುತ್ತದೆ. ಹೆಸರಿನಲ್ಲಿರುವ ಕೆ ಎಂಬುದು ಕಿನ್ನಿಕಂಬಳ. ವಿಜ್ಞಾನ ಓದಿದವರು, ಅಕ್ಷರ ಜೋಡಣೆಯ ಯಂತ್ರಗಳಿಗೆ ಹೆಸರಾದ ಮಾನೋಟೈಪ್ ಸಂಸ್ಥೆಯಲ್ಲಿ ದುಡಿದವರು, ಮುಂದೆ ಮಣಿಪಾಲದಲ್ಲಿ ಪಾಠ ಮಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿದೆ.

ಅವರು ಮಾಡಿದ್ದನ್ನು ಒಂದು ಸಾಲಿನಲ್ಲಿ ಹೇಳಿದರೆ ಬಹಳ ಸಣ್ಣ ಸಂಗತಿಯಂತೆ ಕೇಳಿಸುತ್ತದೆ. ಇಂಗ್ಲಿಷಿನ 26 ಕೀಲಿಗಳಲ್ಲಿ ಕನ್ನಡದ ಅಷ್ಟೂ ಅಕ್ಷರಗಳನ್ನು ಉಚ್ಚಾರಣೆಗೆ ತಕ್ಕಂತೆ ಕೂರಿಸಿದರು. ಕೆ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಟಕಾರ, ಡಕಾರಗಳಿಗೆ ಇಂಗ್ಲಿಷಿನಲ್ಲಿ ಬೇರೆ ಅಕ್ಷರವಿಲ್ಲವಲ್ಲ, ಅಲ್ಲಿ ಖಾಲಿ ಬಿದ್ದಿದ್ದ ಕ್ಯೂ ಮತ್ತು ಡಬ್ಲ್ಯು ಕೆಲಸಕ್ಕೆ ಬಂದವು. ಒತ್ತಕ್ಷರ ಬೇಕಿದ್ದರೆ ನಡುವೆ ಎಫ್. ಹೀಗಾಗಿ 'ಕನ್ನಡ' ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು, ಐದು ಒತ್ತು. ಕಾಗುಣಿತದ ಚಿಹ್ನೆಗಳಿಗೆ ಬೇರೆ ಕೀಲಿ ಬೇಡ. ವ್ಯಂಜನದ ಹಿಂದೆ ಸ್ವರ ಬಂದರೆ ಅದು ತಾನಾಗಿ ಗುಣಿತವಾಗುತ್ತದೆ. ವ್ಯಂಜನದಲ್ಲಿ ಅಕಾರ ಅಡಗಿಯೇ ಇದೆ ಎಂದು ನಾವು ಒಂದನೇ ಕ್ಲಾಸಿನಲ್ಲಿ ಕಲಿತದ್ದನ್ನೇ ಯಂತ್ರಕ್ಕೂ ಕಲಿಸಿದ್ದು. 'ಬಜಪೆ'ಗೆ ನಾಲ್ಕೇ ಕೀಲಿ ಸಾಕು. ಇಂಗ್ಲಿಷ್ ಕಾಗುಣಿತದಲ್ಲಿ ಹೊಡೆದು ಕನ್ನಡ ಪಡೆಯುವ ಕ್ರಮದಲ್ಲಾದರೆ ಆರು ಬೇಕು. ದಿನಕ್ಕೆ ಮೂರು ವರದಿ ಟೈಪಿಸುವವರ ಬೆರಳಿಗೆ ಆ ಎರಡರ ವ್ಯತ್ಯಾಸ ಸಂಜೆ ಹೊತ್ತಿಗೆ ಗೊತ್ತಾಗುತ್ತದೆ.

ಅದಕ್ಕೆ ಮೊದಲು ಏನೂ ಇರಲಿಲ್ಲ ಎಂದಲ್ಲ. ಅನಂತಸುಬ್ಬರಾಯರ ಬೆರಳಚ್ಚು ಯಂತ್ರದ ಕೀಲಿಮಣೆ ಕಚೇರಿಗಳಲ್ಲಿ ಬಳಕೆಯಲ್ಲಿತ್ತು. ಭಾರತದ ಎಲ್ಲ ಲಿಪಿಗಳಿಗೂ ಒಂದೇ ಜಾಗ ಎಂಬ ತತ್ತ್ವದ ಇನ್‌ಸ್ಕ್ರಿಪ್ಟ್ ಕೇಂದ್ರ ಸರ್ಕಾರದಿಂದ 1986ರಲ್ಲಿ ಬಂತು. ರಾವ್ ಅವರ ವಿನ್ಯಾಸ ಇವೆರಡನ್ನೂ ದಾಟಿ ಮುಂದೆ ಹೋಗಲು ಸುಲಭವಾಗಿರುವುದು ಒಂದು ಕಾರಣ. ಇನ್ನೊಂದು ಕಾರಣವೆಂದರೆ ಅವರು ಅದನ್ನು ಯಾರಿಂದಲೂ ಹಣ ಕೇಳದೆ ಬಿಟ್ಟುಕೊಟ್ಟದ್ದು. ತಮ್ಮ ತಂತ್ರಾಂಶಕ್ಕೆ ನಮ್ಮ ಜಿಲ್ಲೆಯ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಅದನ್ನೂ ಹಾಗೆಯೇ ಹಂಚಿದರು. ಮುಂದೆ ರಾಜ್ಯ ಸರ್ಕಾರ ಅದೇ ಕೀಲಿಮಣೆ ವಿನ್ಯಾಸವನ್ನು ಶಿಷ್ಟತೆಯಾಗಿ ಒಪ್ಪಿಕೊಂಡಿತು.

ಇಲ್ಲಿಂದ ಮುಂದಿನ ಇತಿಹಾಸ ಅಷ್ಟು ಸರಳವಲ್ಲ. 1998ರಲ್ಲಿ ಅಮೆರಿಕದಲ್ಲಿದ್ದ ಶೇಷಾದ್ರಿ ವಾಸು 'ಬರಹ' ತಂತ್ರಾಂಶ ಬಿಡುಗಡೆ ಮಾಡಿದರು. ಹೊರದೇಶದ ಕನ್ನಡಿಗರು ಊರಿಗೆ ಕನ್ನಡದಲ್ಲಿ ಪತ್ರ ಬರೆಯುವಂತಾದದ್ದು ಬಹುಮಟ್ಟಿಗೆ ಅದರಿಂದ. ಕೆಲವು ವರ್ಷಗಳಲ್ಲಿ ಕನ್ನಡ ಗಣಕ ಪರಿಷತ್ತು ಸರ್ಕಾರದ ನೆರವಿನಿಂದ 'ನುಡಿ' ತಂದಿತು. ಅದು ಕಚೇರಿಗಳಿಗೆ, ಪಂಚಾಯಿತಿಗಳಿಗೆ, ನಮ್ಮ ಡಿಟಿಪಿ ಅಂಗಡಿಗಳಿಗೆ ತಲುಪಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ 'ಕುವೆಂಪು ಕನ್ನಡ ತಂತ್ರಾಂಶ' ರೂಪಿಸಿದಾಗ ಅದರ ಹಿಂದೆ ಪೂರ್ಣಚಂದ್ರ ತೇಜಸ್ವಿಯವರ ಒತ್ತಾಸೆ ಇತ್ತು. ನುಡಿಯಲ್ಲಿ ಬರಹದ ಅಕ್ಷರಗಳನ್ನು ನಕಲು ಮಾಡಲಾಗಿದೆ ಎಂದು ಬರಹದ ಕರ್ತೃ ಆರೋಪಿಸಿದರು. ವಾದ, ಪ್ರತಿವಾದ ನಡೆಯಿತು. ಯಾರು ಸರಿ ಎಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಆ ಜಗಳ ಯಾಕೆ ಹುಟ್ಟಿತು ಎಂಬುದು ಯೋಚಿಸಬೇಕಾದ ವಿಷಯ. ಬರಹ ಆಗ ಉಚಿತವಾಗಿತ್ತು, ನುಡಿಯೂ ಉಚಿತ. ಎರಡರ ಒಳಗನ್ನೂ ಹೊರಗಿನವರು ನೋಡುವಂತಿರಲಿಲ್ಲ. ನೋಡುವಂತಿದ್ದರೆ, 'ಇಷ್ಟು ಭಾಗ ಅವರದು, ಅವರ ಅನುಮತಿಯಂತೆ ಬಳಸಿದ್ದೇವೆ' ಎಂದು ಒಂದು ಸಾಲು ಬರೆದರೆ ಸಾಕಿತ್ತು. ಮುಂದೆ ಬರಹ ಹಣ ಕೊಟ್ಟು ಕೊಳ್ಳುವ ತಂತ್ರಾಂಶವಾಯಿತು. ಅದು ಮಾಡಿದವರ ಹಕ್ಕು, ಅದರಲ್ಲಿ ತಪ್ಪು ಹುಡುಕುವಂತಿಲ್ಲ. ವರ್ಷಗಟ್ಟಲೆ ಒಬ್ಬ ಮನುಷ್ಯ ಪುಕ್ಕಟೆ ದುಡಿದದ್ದನ್ನು ಬಳಸಿ, ಬೆಲೆ ಹಾಕಿದ ದಿನ ಬೈದ ನಮ್ಮಂಥವರದೇ ತಪ್ಪು ಹೆಚ್ಚು.

ಇಂಗ್ಲಿಷಿನಲ್ಲಿ ಈ ಗೊಂದಲಕ್ಕೆ ಒಂದು ನೆಪವಾದರೂ ಇದೆ. 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಗ್ನೂ ಯೋಜನೆ ಘೋಷಿಸಿದಾಗಿನಿಂದ ಅವರು ವಿವರಿಸಿ ವಿವರಿಸಿ ಸುಸ್ತಾದದ್ದು 'ಫ್ರೀ' ಎಂಬ ಒಂದು ಪದವನ್ನು. ಅದಕ್ಕೆ ಬಿಟ್ಟಿ ಎಂಬ ಅರ್ಥವೂ ಇದೆ, ಸ್ವತಂತ್ರ ಎಂಬ ಅರ್ಥವೂ ಇದೆ. 1998ರಲ್ಲಿ ಕೆಲವರು ಆ ಪದವೇ ಬೇಡವೆಂದು 'ಓಪನ್ ಸೋರ್ಸ್' ಎಂಬ ಹೊಸ ಹೆಸರು ತಂದರು. ಹೆಸರು ಯಾವುದು ಸರಿ ಎಂದು ಎರಡು ಬಣಗಳು ಇವತ್ತಿಗೂ ಜಗಳಾಡುತ್ತವೆ. ಕನ್ನಡದಲ್ಲಿ ಆ ಕಷ್ಟವೇ ಇಲ್ಲ. ಉಚಿತ ಬೇರೆ, ಮುಕ್ತ ಬೇರೆ. ಮದುವೆ ಊಟ ಉಚಿತ, ಆದರೆ ಅಡುಗೆಯವರ ಒಲೆಯ ಬಳಿ ಹೋಗಿ ನೀವು ಸಾಂಬಾರಿಗೆ ಉಪ್ಪು ಹಾಕುವಂತಿಲ್ಲ. ಬೇರೆ ಬೇರೆ ಎರಡು ಪದಗಳನ್ನು ಅಂಗೈಯಲ್ಲಿ ಇಟ್ಟುಕೊಂಡೂ ಡಿಟಿಪಿ ಅಣ್ಣನಿಂದ ಹಿಡಿದು ಪತ್ರಿಕೋದ್ಯಮ ಓದಿದ ನಮ್ಮವರೆಗೆ ಎಲ್ಲರೂ 'ಫ್ರೀ' ಎಂದೇ ಹೇಳಿಕೊಂಡು ಬಂದೆವು. ಒಳಗೆ ನೋಡಲು ಬಿಡುತ್ತೀರಾ ಎಂದು ಕೇಳಲೇ ಇಲ್ಲ.

ಕೇಳಿದವರೂ ಇದ್ದರು. ಲಿನಕ್ಸಿನಲ್ಲಿ ಕನ್ನಡ ಸರಿಯಾಗಿ ಮೂಡಬೇಕೆಂದು ಹಗಲು ಹೊಟ್ಟೆಪಾಡಿನ ಕೆಲಸ ಮಾಡಿ ರಾತ್ರಿ ಇದರಲ್ಲಿ ಕೂತವರು. ಅರವಿಂದ ವಿ.ಕೆ. ಮತ್ತು ಸಂಗಡಿಗರು ರೂಪಿಸಿದ 'ಗುಬ್ಬಿ', ಕೈಬರಹದಂತೆ ಕಾಣುವ 'ನವಿಲು' ಫಾಂಟುಗಳನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಡೆಬಿಯನ್ನಿನಲ್ಲಿ ಇವೆರಡೂ ಸಿಗುತ್ತವೆ. ತಂತ್ರಾಂಶದ ಪರದೆಯನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಜಗಳವೆಲ್ಲ ಪದಗಳದ್ದು. ಫೈಲಿಗೆ 'ಕಡತ' ಎಂದರೆ ಸರಿಯೇ? ಬಜಪೆಯಲ್ಲಿ ಕಡತ ಎಂದರೆ ತಾಲೂಕು ಆಫೀಸಿನ ನೆನಪಾಗುತ್ತದೆ, ಅದೂ ಕಳೆದುಹೋದ ಒಂದರ ನೆನಪು. ಪಾಸ್‌ವರ್ಡಿಗೆ 'ಗುಪ್ತಪದ' ಎಂದಾಗ ನಮ್ಮಲ್ಲಿ ಒಬ್ಬಳು ಮೊದಲ ಸಲ ಯಕ್ಷಗಾನದ ಅರ್ಥಗಾರಿಕೆ ಕೇಳಿದಷ್ಟು ಖುಷಿಪಟ್ಟಳು, ಇನ್ನೊಬ್ಬ ಕಂಪ್ಯೂಟರನ್ನು ಇಂಗ್ಲಿಷಿಗೆ ತಿರುಗಿಸಿಬಿಟ್ಟ. 2003ರಿಂದ ನಡೆಯುತ್ತಿರುವ ಕನ್ನಡ ವಿಕಿಪೀಡಿಯದಲ್ಲಿ ತಿದ್ದುವ ಗುಂಡಿಯ ಹೆಸರು 'ಸಂಪಾದಿಸಿ'. ಅದನ್ನು ಒತ್ತಿದವರಿಗೆ ಚಿಕ್ಕಾಸಿನ ಸಂಪಾದನೆಯೂ ಇಲ್ಲ ಎಂಬುದು ಅಲ್ಲಿಯವರ ಹಳೆಯ ಜೋಕು ಇರಬೇಕು. ಇಲ್ಲದಿದ್ದರೆ ಇವತ್ತಿನಿಂದ ಶುರುವಾಗಲಿ.

ಹಣವಿಲ್ಲದ ಕಡೆ ಹೆಸರೇ ಕೂಲಿ. ಅದರ ಲೆಕ್ಕವೂ ಸರಿಯಿಲ್ಲ. ಲಿನಕ್ಸಿನ ಕೀಲಿಮಣೆ ಪಟ್ಟಿ ತೆರೆದು ನೋಡಿ, ರಾವ್ ಅವರ ವಿನ್ಯಾಸ ಅಲ್ಲಿದೆ. ಕನ್ನಡಕ್ಕೆ ಮಾತ್ರವಲ್ಲ, ತೆಲುಗು, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಅದೇ ಕ್ರಮದಲ್ಲಿ ಒಂದೊಂದು ಕೀಲಿಮಣೆ ಇದೆ. ಬಜಪೆಯ ಮಗ್ಗುಲಿನಲ್ಲಿ ಹುಟ್ಟಿದ ಒಬ್ಬರ ಯೋಚನೆ ಜಗತ್ತಿನ ಯಾವ ಮೂಲೆಯ ಲಿನಕ್ಸ್ ಯಂತ್ರದಲ್ಲಾದರೂ ಇರುತ್ತದೆ ಎಂಬುದು ನಮಗೆ ಈ ಬರಹಕ್ಕೆ ಕೂತಾಗಲೇ ಗೊತ್ತಾದದ್ದು. ಆದರೆ ಅಲ್ಲಿ ಅದರ ಹೆಸರು 'ಕಗಪ', ಅಂದರೆ ಕನ್ನಡ ಗಣಕ ಪರಿಷತ್ತು. ಮನುಷ್ಯನ ಹೆಸರು ಹೋಗಿ ಸಂಸ್ಥೆಯ ಹೆಸರು ಉಳಿದಿದೆ. ವಿಕಿಪೀಡಿಯದವರ ಟೈಪಿಂಗ್ ಸಾಧನದಲ್ಲಿ ಯಾರೋ ಪುಣ್ಯಾತ್ಮರು ಮೂರನ್ನೂ ಅಡ್ಡಗೆರೆ ಹಾಕಿ ಜೊತೆಗೆ ಬರೆದಿದ್ದಾರೆ, ಕೆಜಿಪಿ, ನುಡಿ, ಕೆ.ಪಿ. ರಾವ್ ಎಂದು. ಯಾರನ್ನೂ ಬಿಡದ ಆಮಂತ್ರಣ ಪತ್ರಿಕೆಯ ಹಾಗೆ. ಆ ಅಡ್ಡಗೆರೆಗಳನ್ನು ಹಾಕಿದ ಕೈ ಯಾರದು ಎಂದು ಹುಡುಕಬೇಕೆಂದರೆ ಹುಡುಕಬಹುದು, ಬದಲಾವಣೆಗಳ ಚರಿತ್ರೆ ಪೂರ್ತಿ ತೆರೆದಿದೆ. ನುಡಿಗೆ ಆ ವರ್ಷಗಳಲ್ಲಿ ಅಂಥ ಚರಿತ್ರೆ ನಮ್ಮ ಕೈಗೆ ಸಿಗುವಂತಿರಲಿಲ್ಲ. ಇತಿಹಾಸ ಬರೆಯಲು ಕೂತವರಿಗೆ ಇದೇನು ಸಣ್ಣ ವಿಷಯವಲ್ಲ.

ನಮ್ಮ ಗುಂಪಿನಲ್ಲಿ ಮಂಜೇಶ್ವರದವಳೊಬ್ಬಳಿದ್ದಾಳೆ. ಈ ಚರ್ಚೆಯೆಲ್ಲ ಕೇಳಿ ಅವಳಿಗೆ ನಗು. ತಲಪಾಡಿಯ ಗೇಟು ದಾಟಿದರೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳದ ಪಠ್ಯಕ್ರಮದವು. ಕೇರಳ ಸರ್ಕಾರ 2001ರಲ್ಲಿ 'ಐಟಿ ಎಟ್ ಸ್ಕೂಲ್' ಎಂಬ ಯೋಜನೆ ಶುರುಮಾಡಿತ್ತು, ಈಗ ಅದು 'ಕೈಟ್' ಎಂಬ ಸಂಸ್ಥೆ. ಅವರು ಕೆಲವೇ ವರ್ಷಗಳಲ್ಲಿ ಶಾಲೆಯ ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿದರು. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರುತ್ತದೆ. ಹಾಗಾಗಿ ಅವಳು ಹೈಸ್ಕೂಲಿನಲ್ಲೇ ಲಿನಕ್ಸಿನಲ್ಲಿ ಚಿತ್ರ ಬಿಡಿಸಿದ್ದಳು. ಅದಕ್ಕೆ ಬೇರೆ ಹೆಸರುಂಟು ಎಂದು ಅವಳಿಗೆ ಗೊತ್ತಾದದ್ದು ಮಂಗಳೂರಿಗೆ ಕಾಲೇಜಿಗೆ ಬಂದು, ಲ್ಯಾಬಿನಲ್ಲಿ ಕಿಟಕಿ ಚಿತ್ರದ ಪರದೆ ಕಂಡಾಗ. ಕೇರಳದಲ್ಲಿ ಇದು ತನ್ನಿಂದ ತಾನೇ ಆದದ್ದಲ್ಲ. ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್‌ನಂಥ ಗುಂಪುಗಳು ಹಟ ಹಿಡಿದು ಫಾಂಟು, ಕೀಲಿಮಣೆ ಮಾಡಿಕೊಟ್ಟಿದ್ದರು. ಅವರ ಬಳಗದಿಂದ ಬಂದ 'ಇಂಡಿಕ್ ಕೀಬೋರ್ಡ್' ಮೊಬೈಲಿನಲ್ಲಿ ಕನ್ನಡಕ್ಕೂ ಕೆಲಸ ಮಾಡುತ್ತದೆ. ಗಡಿಯ ಆಚೆ ಕನ್ನಡಕ್ಕೆ ತೊಂದರೆ ಎಂದು ನಾವು ವರದಿ ಬರೆಯುವುದುಂಟು, ಬರೆಯಬೇಕಾದದ್ದೂ ಉಂಟು. ಈ ಒಂದು ವಿಷಯದಲ್ಲಿ ಮಾತ್ರ ಆಚೆಯ ಕನ್ನಡದ ಮಕ್ಕಳೇ ನಮಗಿಂತ ಮುಂದೆ.

ಹಾಗೆಂದು ಮುಕ್ತವಾದ ಕೂಡಲೇ ಎಲ್ಲ ಸುಖ ಎಂದೇನೂ ಇಲ್ಲ. 2024ರ ಮಾರ್ಚ್ ಕೊನೆಯಲ್ಲಿ ಎಕ್ಸ್‌ಝಡ್ ಎಂಬ ಒಂದು ಪುಟ್ಟ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟದ್ದು ಪತ್ತೆಯಾಯಿತು. ಫೈಲುಗಳನ್ನು ಕುಗ್ಗಿಸುವ ಆ ಸಾಧನ ಬಹುತೇಕ ಎಲ್ಲ ಲಿನಕ್ಸಿನಲ್ಲೂ ಇತ್ತು. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಹೆಚ್ಚುಕಡಿಮೆ ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ. ದಣಿದ ಅವರ ನೆರವಿಗೆಂದು ಬಂದ ಒಂದು ಹೆಸರು ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ ಕೊನೆಗೆ ಈ ಕೆಲಸ ಮಾಡಿತ್ತು. ಸಿಕ್ಕಿಬಿದ್ದದ್ದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತನ್ನ ಯಂತ್ರದಲ್ಲಿ ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾದದ್ದನ್ನು ಗಮನಿಸಿದ್ದರಿಂದ. ಒಳಗನ್ನು ನೋಡುವಂತಿದ್ದುದರಿಂದ ಸಿಕ್ಕಿತು, ನೋಡಿಕೊಳ್ಳುವವರು ಇಲ್ಲದ್ದರಿಂದ ಹೊಕ್ಕಿತು. ಕನ್ನಡದ ಫಾಂಟು, ಪರಿವರ್ತಕಗಳ ಕತೆಯೂ ಬೇರೆಯಲ್ಲ, ಒಂದೊಂದರ ಹಿಂದೆ ಒಬ್ಬರೋ ಇಬ್ಬರೋ. ಊರಿನ ಸಾರ್ವಜನಿಕ ಬಾವಿಯ ಹಗ್ಗ ಕಡಿದರೆ ಯಾರು ತರಬೇಕು ಎಂಬ ಪ್ರಶ್ನೆಗೆ ನಮ್ಮ ಹಿರಿಯರ ಬಳಿ ಒಂದು ಏರ್ಪಾಡಾದರೂ ಇತ್ತು. ನಾವೋ, ಇಷ್ಟು ವರ್ಷ ಇವನ್ನೆಲ್ಲ ಬಳಸಿ ಒಂದು ದೋಷವನ್ನಾದರೂ ಮಾಡಿದವರಿಗೆ ಬರೆದು ತಿಳಿಸಿದವರಲ್ಲ. ಸುದ್ದಿಮನೆಯಲ್ಲಿ ಕೂತು ಬೈದದ್ದು ಮಾತ್ರ.

ತುಳುವಿನ ವಿಷಯದಲ್ಲಿ ಇದೆಲ್ಲ ಹೊಸದಾಗಿ ಶುರುವಾಗುತ್ತಿದೆ. ತುಳು ವಿಕಿಪೀಡಿಯ 2008ರಿಂದ ಎಂಟು ವರ್ಷ ಪರೀಕ್ಷಾ ಹಂತದಲ್ಲಿದ್ದು, 2016ರ ಆಗಸ್ಟಿನಲ್ಲಿ ಹೊರಬಂತು. ಪವನಜರಂಥವರ ಜೊತೆ ಕರಾವಳಿಯ ಅನೇಕ ಅಧ್ಯಾಪಕರು, ವಿದ್ಯಾರ್ಥಿಗಳು ಅದಕ್ಕೆ ದುಡಿದರು. ಅದು ಇರುವುದು ಕನ್ನಡ ಲಿಪಿಯಲ್ಲಿ. 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ನೇ ಆವೃತ್ತಿ ಬಂದಾಗ 'ತುಳು-ತಿಗಳಾರಿ' ಎಂಬ ಹೆಸರಿನಲ್ಲಿ 80 ಅಕ್ಷರಗಳಿಗೆ ಜಾಗ ಸಿಕ್ಕಿತು. ಹೆಸರಿನ ಬಗ್ಗೆ, ಅಕ್ಷರರೂಪದ ಬಗ್ಗೆ ನಮ್ಮಲ್ಲಿ ಇನ್ನೂ ತಕರಾರು ನಡೆಯುತ್ತಿದೆ, ನಡೆಯಲಿ. ಅದಕ್ಕೆ ಮೊದಲು ತುಳು ಲಿಪಿ ಕಾಣಬೇಕೆಂದವರು ಬೇರೆ ಲಿಪಿಯ ಅಕ್ಷರಗಳ ಜಾಗದಲ್ಲಿ ತುಳು ಅಕ್ಷರದ ಚಿತ್ರ ಕೂರಿಸಬೇಕಾಗಿತ್ತು. ಹಾಗೆ ಬರೆದದ್ದು ಆ ಫಾಂಟು ಇಲ್ಲದ ಕಡೆ ಮೂಲ ಲಿಪಿಯಾಗಿಯೇ ಕಾಣುತ್ತದೆ. ಪೌಂಡಿನ ಚಿಹ್ನೆಯ ಜಾಗದಲ್ಲಿ ನಕಾರ ಕೂರಿಸಿದ್ದ ಕಾಲದ್ದೇ ಉಪಾಯ. ಈಗ ಹೊಸದಾಗಿ ಫಾಂಟು, ಕೀಲಿಮಣೆ ಮಾಡುವವರು ಅದನ್ನು ಯಾವ ಪರವಾನಗಿಯಲ್ಲಿ ಬಿಡುತ್ತಾರೆ ಎಂದು ನಾವು ಸಿಕ್ಕಿದವರನ್ನೆಲ್ಲ ಕೇಳುತ್ತಿದ್ದೇವೆ. ಹೆಚ್ಚಿನವರ ಉತ್ತರ, "ಫ್ರೀ ಕೊಡುತ್ತೇವೆ ಮಾರಾಯ್ರೇ."

ಸಿಡಿಯ ವಿಷಯಕ್ಕೆ ಬರೋಣ. ಅದರಲ್ಲಿದ್ದದ್ದು ಪೇಜ್‌ಮೇಕರ್ ಫೈಲುಗಳು. ಆ ತಂತ್ರಾಂಶದ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಆಮೇಲೆ ಕಂಪನಿ ಅದನ್ನು ಕೈಬಿಟ್ಟಿತು. ಲಿಬ್ರೆ ಆಫೀಸಿನವರು 2015ರ ಆವೃತ್ತಿಯಲ್ಲಿ ಪೇಜ್‌ಮೇಕರ್ ಫೈಲು ತೆರೆಯುವ ವ್ಯವಸ್ಥೆ ಸೇರಿಸಿದ್ದರು. ಪರರ ಮುಚ್ಚಿದ ಫೈಲುಗಳನ್ನು ಬಿಡಿಸುವುದನ್ನೇ ವ್ರತ ಮಾಡಿಕೊಂಡ ಸ್ವಯಂಸೇವಕರ ಕೆಲಸ ಅದು. ಪುಟಗಳು ತೆರೆದವು, ಚಿತ್ರಗಳು ಅಲ್ಲಿ ಇಲ್ಲಿ ಹಾರಿದ್ದವು, ಅಕ್ಷರಗಳು ಮಾತ್ರ ಅದೇ ಪೌಂಡು, ಗೆರೆ. ಅವನ್ನು ಎತ್ತಿ, ನುಡಿ ಮತ್ತು ಬರಹದ ಹಳೆಯ ಸಂಕೇತಗಳನ್ನು ಯೂನಿಕೋಡಿಗೆ ತಿರುಗಿಸುವ ಮುಕ್ತ ಪರಿವರ್ತಕವೊಂದಕ್ಕೆ ಹಾಕಿದೆವು. ಗುಬ್ಬಿ ಫಾಂಟಿನ ಅರವಿಂದರೇ ಅದನ್ನೂ ಬರೆದವರು. ಹಳೆಯ ಪದ್ಧತಿಯಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಅಂಥ ನೂರು ಸೂಕ್ಷ್ಮಗಳನ್ನು ಯಾರೋ ಕೂತು ಯೋಚಿಸಿ ನಿಯಮ ಬರೆದಿಟ್ಟಿದ್ದರಿಂದ ನಮ್ಮೂರಿನ ಹಿರಿಯರು ಒಂದೇ ನಿಮಿಷದಲ್ಲಿ ಮತ್ತೆ ಕನ್ನಡ ಮಾತಾಡಿದರು. ಗುಡ್ಡದ ಮೇಲೆ ದನ ಬಿಟ್ಟು ಬರುತ್ತಿದ್ದ ಒಬ್ಬ ಅಜ್ಜಿ, ಮೊದಲ ವಿಮಾನ ಬಂದ ದಿನ ಹಟ್ಟಿ ಸೇರದ ಒಂದು ದನದ ಬಗ್ಗೆ ಹೇಳಿದ್ದು ಅರ್ಧ ಪುಟ ಇತ್ತು. ಓದುವಾಗ ನಾವು ಯಾರೂ ಮಾತಾಡಲಿಲ್ಲ.

ಎಲ್ಲವೂ ಸಿಗಲಿಲ್ಲ. ಕೊನೆಯ ಆರು ಪುಟ ಬೇರೆ ಯಾವುದೋ ಕಂಪನಿಯ ಫಾಂಟಿನಲ್ಲಿದೆ. ಅದನ್ನು ಓಡಿಸಲು ಆ ಕಾಲದಲ್ಲಿ ಕಂಪ್ಯೂಟರಿನ ಹಿಂದೆ ಸಿಕ್ಕಿಸುವ ಬೀಗದಂಥ ಒಂದು ತುಂಡು ಬೇಕಿತ್ತಂತೆ. ಅಂಗಡಿಯ ಅಣ್ಣ ಮೇಜಿನ ಡ್ರಾಯರು ಪೂರ್ತಿ ಸುರಿದು ಹುಡುಕಿದರು. ರಬ್ಬರ್ ಸ್ಟಾಂಪು, ಹಳೆಯ ಮದುವೆ ಕಾಗದದ ನಮೂನೆಗಳು, ಮೂರು ಫ್ಲಾಪಿ ಸಿಕ್ಕಿದವು. ಆ ತುಂಡು ಸಿಗಲಿಲ್ಲ. ಉಳಿದ ಪುಟಗಳ ಪ್ರಿಂಟು ತೆಗೆದು ಅವರಿಗೊಂದು ಪ್ರತಿ ಕೊಟ್ಟೆವು. ಅಲ್ಲೇ ನಿಂತು ಓದತೊಡಗಿದವರು ಎರಡನೇ ಪುಟದಲ್ಲಿ ತಡೆದು, "ಇಲ್ಲಿ ಒಂದು ಅರ್ಕಾವೊತ್ತು ತಪ್ಪಿದೆ ನೋಡಿ" ಎಂದರು. ಪರಿವರ್ತಕ ಬರೆದವರಿಗೆ ಅದನ್ನು ತಿಳಿಸಿ ನಾವು ಪತ್ರ ಬರೆದದ್ದು ಆ ರಾತ್ರಿಯೇ.